ಅಮ್ಮನ ಆರೈಕೆಗೆ ಈಗಲೇ ಮನೆ ಮಾರಬೇಕಾ?

ತಾಯಿಗೆ 78 ವರ್ಷ, ಲಕ್ವಾ ಹೊಡೆದ ಮೇಲೆ ದಿನವಿಡೀ ಜೊತೆಗೆ ಒಬ್ಬರು ಬೇಕು, ಪೆನ್ಷನ್ ಅರ್ಧ ಖರ್ಚಿಗೂ ಸಾಲುತ್ತಿಲ್ಲ, ಅಣ್ಣ ಮನೆ ಮಾರೋಣ ಅಂತಿದ್ದಾರೆ ಎಂದು ಬರೆದಿದ್ದೀರಿ. ಮಾರುವ ಮಾತನ್ನು ಸ್ವಲ್ಪ ತಡೆಯಿರಿ.

ಮೊದಲು ಮೂರು ತಿಂಗಳ ಖರ್ಚನ್ನು ಒಂದು ನೋಟ್‌ಬುಕ್ಕಲ್ಲಿ ಬರೆಯಿರಿ. ನೋಡಿಕೊಳ್ಳುವವರ ಸಂಬಳ ಎಲ್ಲರಿಗೂ ನೆನಪಿರುತ್ತದೆ. ಡೈಪರ್, ಫಿಸಿಯೋಥೆರಪಿ, ಅವರು ರಜೆ ಹಾಕಿದ ದಿನ ಬರುವ ಬದಲಿಯವರ ದುಡ್ಡು ನೆನಪಿರುವುದಿಲ್ಲ. ನಮ್ಮ ಅತ್ತೆಯನ್ನು ನೋಡಿಕೊಳ್ಳುವಾಗ ನಾವು ಎಡವಿದ್ದು ಇಲ್ಲೇ. ಖರ್ಚು ವರ್ಷಕ್ಕೆ 6% ಏರಿದರೆ 12 ವರ್ಷದಲ್ಲಿ ಎರಡರಷ್ಟಾಗುತ್ತದೆ. ಪೆನ್ಷನ್ ಅಷ್ಟು ಏರುತ್ತದಾ ನೋಡಿ.

ಆರೋಗ್ಯ ವಿಮೆ ಇದೆ ಅಂತ ಸುಮ್ನೆ ನೆಚ್ಚಿಕೊಳ್ಳಬೇಡಿ. ಅದು ಸಾಮಾನ್ಯವಾಗಿ ಚಿಕಿತ್ಸೆಗೆ. ಸ್ನಾನ ಮಾಡಿಸುವುದು, ತುತ್ತು ತಿನ್ನಿಸುವುದು ಅದರಲ್ಲಿ ಬರುವುದು ಕಡಿಮೆ.

ಕಡೇಪಕ್ಷ ಒಂದು ವರ್ಷದ ಖರ್ಚು ಕೇಳಿದ ತಕ್ಷಣ ಕೈಗೆ ಸಿಗುವ ಹಾಗಿರಲಿ. ಮನೆಯ ಒಂದು ಭಾಗ ಬಾಡಿಗೆಗೆ ಕೊಡಬಹುದಾ, ಅಥವಾ ಮನೆಯಲ್ಲೇ ಇದ್ದುಕೊಂಡು ಅದರ ಮೇಲೆ ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸಿಗುತ್ತದಾ ವಿಚಾರಿಸಿ. ಅದೂ ಸಾಲವೇ, ಬಡ್ಡಿ ಬೆಳೆಯುತ್ತಾ ಹೋಗುತ್ತದೆ, ಅದನ್ನು ಅಣ್ಣನಿಗೂ ತೋರಿಸಿ. ಮಾರಲೇಬೇಕಾದರೆ ಹಣ ಪೂರ್ತಿ ತಾಯಿಯ ಹೆಸರಲ್ಲೇ ಇರಲಿ. ಹಂಚಿಕೊಂಡು ಆಮೇಲೆ ಕೊಡೋಣ ಅನ್ನುವುದಕ್ಕೆ ದಯವಿಟ್ಟು ಒಪ್ಪಬೇಡಿ.

ತಾಯಿಯ ತಿಳಿವಳಿಕೆ ಚೆನ್ನಾಗಿರುವಾಗಲೇ ವಕೀಲರನ್ನು ಕಾಣಿ. ಮಾಮೂಲಿ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ), ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಎಷ್ಟೋ ಕಡೆ ನಡೆಯುವುದಿಲ್ಲ. ಅಂದ ಹಾಗೆ, ಮನೆ ಮಾರುವ ಬಗ್ಗೆ ತಾಯಿಯನ್ನು ಯಾರಾದರೂ ಕೇಳಿದಿರಾ? ಮನೆ ಅವರದು ಅಲ್ವಾ.