ಕಾಗೆ ಬಳಗವನ್ನು ಕರೆಯುವುದೇಕೆ?

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿದ ಮೇಲೆ ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ 11 ರಾತ್ರಿ ನೀವೊಬ್ಬರೇ ಕೂತಿರಿ. ಅಣ್ಣ ಒಂದು ರಾತ್ರಿಯೂ ಬರಲಿಲ್ಲ. ಕೊನೆಗೆ ಕೇಳಿದ್ದೀರಿ: "ಕಾಗೆ ಕೂಡ ಒಂದಗುಳು ಕಂಡರೆ ಬಳಗವನ್ನು ಕರೆಯುತ್ತದೆ. ಸ್ವಾರ್ಥ ಮನುಷ್ಯನಿಗೆ ಮಾತ್ರ ಏಕೆ ಅಂಟಿಕೊಂಡಿತು?"

ಕಾಗೆಯಿಂದಲೇ ಶುರುಮಾಡುತ್ತೇನೆ. ಅದರ ಹತ್ತಿರದ ನೆಂಟ ರೇವನ್ ಎಂಬ ದೊಡ್ಡ ಕರಿ ಹಕ್ಕಿ. ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ ಬರ್ಂಡ್ ಹೈನ್ರಿಕ್ ಎಂಬ ವಿಜ್ಞಾನಿ ಹಲವು ಚಳಿಗಾಲ ಇದನ್ನೇ ಕಾದು ನೋಡಿದರು. ಸತ್ತ ಪ್ರಾಣಿ ಕಂಡಾಗ ಉಳಿದವರನ್ನು ಕರೆತರುವುದು ನೆಲೆಯಿಲ್ಲದ ಎಳೆಯ ಹಕ್ಕಿಗಳು. ಒಂಟಿಯಾಗಿ ಹೋದರೆ ಆ ಜಾಗ ಹಿಡಿದ ಜೋಡಿ ಅವನ್ನು ಅಟ್ಟಿಬಿಡುತ್ತದೆ, ಗುಂಪು ಕಟ್ಟಿದರೆ ಅಟ್ಟಲಾಗದು. ಆ ಜೋಡಿಯಾದರೋ ಯಾರನ್ನೂ ಕರೆಯದೆ ತಿನ್ನುತ್ತದೆ.

ಇನ್ನು ಯುರೋಪಿನ ಕುಕ್ಕೂ ಹಕ್ಕಿ. ಅದು ಮೊಟ್ಟೆಯಿಡುವುದು ಬೇರೆ ಹಕ್ಕಿಯ ಗೂಡಿನಲ್ಲಿ. ಮರಿ ಹೊರಬಂದಾಗ ಮೈಮೇಲೆ ಪುಕ್ಕವಿಲ್ಲ, ಕಣ್ಣು ತೆರೆದಿಲ್ಲ. ಆದರೂ ಒಂದೆರಡು ದಿನದೊಳಗೆ ಅದು ಹಿಂದೆ ಹಿಂದೆ ಸರಿದು, ಬೆನ್ನಿನ ಗುಳಿಗೆ ಪಕ್ಕದ ಮೊಟ್ಟೆಯನ್ನು ಏರಿಸಿಕೊಂಡು, ಕಾಲುಗಳನ್ನು ಗೂಡಿನ ಗೋಡೆಗೆ ಒತ್ತಿ, ನಡುಗುತ್ತಾ ಮೇಲೇರಿ ಆಚೆಗೆ ತಳ್ಳುತ್ತದೆ. ಸುಸ್ತಾದರೆ ಕೊಂಚ ತಡೆದು, ಮತ್ತೆ ಇನ್ನೊಂದಕ್ಕೆ ಬೆನ್ನು ಕೊಡುತ್ತದೆ. ಮುಂದೆ ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್ 1788ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಈ ಮರಿಯನ್ನು ಸ್ವಾರ್ಥಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಜೀವವಿಜ್ಞಾನಿಗಳು ಆ ಪದ ಬಳಸುವುದುಂಟು, ಆದರೆ ಅವರು ನೋಡುವುದು ಫಲವನ್ನು: ಈ ನಡವಳಿಕೆಯಿಂದ ಯಾರ ಸಂತಾನ ಉಳಿಯಿತು, ಯಾರದು ಅಳಿಯಿತು. ಮನಸ್ಸಿನಲ್ಲಿ ಏನಿತ್ತೆಂದು ಅವರು ಕೇಳುವುದೇ ಇಲ್ಲ. ನಾವು ಮನೆಯಲ್ಲಿ ಸ್ವಾರ್ಥ ಎನ್ನುವಾಗ ಕೇಳುವುದು ಅದನ್ನೇ. ನಿಮ್ಮ ಅಣ್ಣನಿಗೆ ಕಣ್ಣು ತೆರೆದಿತ್ತು. ಅಮ್ಮ ಎಲ್ಲಿ ಮಲಗಿದ್ದಾರೆ, ತಂಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾಳೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಬರಲಿಲ್ಲ. ಅದನ್ನು ತಪ್ಪು ಎನ್ನಲು ನೀವು ಕಾಗೆಯನ್ನು ಸಾಕ್ಷಿಗೆ ಕರೆಯಬೇಕಿಲ್ಲ. "ಎಲ್ಲ ಪ್ರಾಣಿಗಳೂ ಹೀಗೇ, ಅದು ಪ್ರಕೃತಿ" ಎಂದು ಅವರು ಜಾರಿಕೊಂಡರೆ ಅದನ್ನೂ ಒಪ್ಪಬೇಡಿ.

ಪ್ರಾಣಿಗಳಲ್ಲಿ ಕೊಡುವ ಗುಣವೇ ಇಲ್ಲ ಎಂದಲ್ಲ. ರಕ್ತ ಕುಡಿಯುವ ವ್ಯಾಂಪೈರ್ ಬಾವಲಿಗೆ ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾವು. ಬರಿಹೊಟ್ಟೆಯಲ್ಲಿ ಮರಳಿದ ಬಾವಲಿಗೆ ಹೊಟ್ಟೆ ತುಂಬಿದ ಇನ್ನೊಂದು, ಕುಡಿದದ್ದನ್ನು ಕಕ್ಕಿ ಬಾಯಿಗೆ ಬಾಯಿಟ್ಟು ಉಣಿಸುತ್ತದೆ. ಕೋಸ್ಟರಿಕಾದಲ್ಲಿ ಇದನ್ನು ಅಧ್ಯಯನ ಮಾಡಿದ ಗೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಪ್ರಕಟಿಸಿದರು. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಗುಟುಕು ಸಿಗುವುದು ರಕ್ತಸಂಬಂಧಿಗೆ, ಇಲ್ಲವೇ ಬಹುಕಾಲ ಜೊತೆಗೆ ನೇತಾಡಿದ ಒಡನಾಡಿಗೆ. ಗುರುತಿಲ್ಲದ ಬಾವಲಿಗೆ ಆ ಭಾಗ್ಯವಿಲ್ಲ.

ಇಲ್ಲಿಗೆ ಬಂದಾಗ ನಿಮ್ಮ ಪತ್ರದ ಎರಡನೇ ಪುಟವನ್ನು ಮತ್ತೆ ತೆಗೆದು ನೋಡಿದೆ. ಏಳನೇ ರಾತ್ರಿ ಪಕ್ಕದ ಹಾಸಿಗೆಯ ರೋಗಿಯ ಜೊತೆಗಿದ್ದ ಹೆಂಗಸು, "ನೀನು ಮಲಗಮ್ಮ, ನಾನು ನೋಡಿಕೊಳ್ತೀನಿ" ಎಂದು ತನ್ನ ಚಾಪೆ ಬಿಟ್ಟುಕೊಟ್ಟು, ಬೆಳಗಿನವರೆಗೂ ನಿಮ್ಮ ಅಮ್ಮನ ಡ್ರಿಪ್ ಕಾದರು. ಮರುದಿನ ಅವರು ಊರಿಗೆ ಹೊರಟುಹೋದರು, ಹೆಸರೂ ಕೇಳಲಾಗಲಿಲ್ಲ ಎಂದು ಬರೆದಿದ್ದೀರಿ. ಅಣ್ಣನಿಗೆ ಮೂರು ಪುಟ ಕೊಟ್ಟಿದ್ದೀರಿ, ಅವರಿಗೆ ಎರಡೇ ಸಾಲು. ಅವರೂ ಮನುಷ್ಯರೇ ಅಲ್ಲವೇ? ಸಾಧ್ಯವಾದರೆ ಆ ರಾತ್ರಿಯ ಬಗ್ಗೆ ಇನ್ನೊಂದು ಪತ್ರ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

- ಸಂಪಾದಕ