ಕಾಕಾನ ಕೇಳಿ: ಹೊಸ ಆಯಿಲ್ ಮಜ್ಜಿಗೆ ಆಯಿತು

ಪ್ರಶ್ನೆ: ಕಾಕಾ, ನಮಸ್ಕಾರ. ಇಳಕಲ್ ಹತ್ತಿರದ ಗ್ರಾನೈಟ್ ಕ್ವಾರಿಯಲ್ಲಿ ನನ್ನದೊಂದು ಎಕ್ಸ್‌ಕವೇಟರ್ ಓಡುತ್ತದೆ. ಮಳೆಗಾಲಕ್ಕೆ ಮುಂಚೆ ಹೈಡ್ರಾಲಿಕ್ ಆಯಿಲ್ ಬದಲಿಸಿದೆ. ಉಳಿದ ಬ್ಯಾರಲ್‌ನಿಂದ ಆಮೇಲೆ ಎರಡು ಸಲ ಟಾಪ್‌ಅಪ್ ಮಾಡಿದೆ. ಈಗ ಗೇಜಿನ ಗಾಜಿನಲ್ಲಿ ನೋಡಿದರೆ ಆಯಿಲ್ ಮಜ್ಜಿಗೆ ಹಾಗೆ ಬೆಳ್ಳಗಿದೆ, ಪಂಪ್ ಬೇರೆ ಕೂಗುತ್ತದೆ. ಅಂಗಡಿಯವ ಕಲಬೆರಕೆ ಮಾಲು ಕೊಟ್ಟಿರಬೇಕು, ಅಲ್ವಾ?

ಉತ್ತರ: ತಮ್ಮಾ, ಅಂಗಡಿಯವನ ಜೊತೆ ಜಗಳ ಆಮೇಲೆ. ಬ್ಯಾರಲ್ ಎಲ್ಲಿಟ್ಟಿದ್ದೀಯ? ಬೇವಿನ ಗಿಡದ ಬುಡದಲ್ಲಿ, ಬಯಲಿಗೆ, ನೆಟ್ಟಗೆ ನಿಲ್ಲಿಸಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಬ್ಯಾರಲ್ ತಲೆಗೆ ಸುತ್ತಲೂ ಅಂಚು ಇರುತ್ತದೆ. ಮಳೆ ಬಂದರೆ ಅದೊಂದು ತಾಟು, ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬುಚ್ಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಗೆ ಎಳೆದುಕೊಳ್ಳುತ್ತದೆ. ಬುಚ್ಚಿನ ಮೇಲೆ ನೀರು ನಿಂತಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಬಿಗಿಯಾಗಿ ತಿರುವಿದ್ದೇನೆ ಅಂತೀಯ, ಆದರೂ ನುಗ್ಗುತ್ತದೆ. ಬ್ಯಾರಲನ್ನು ಸೂರಿನ ಕೆಳಗಿಡು. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸು, ಎರಡೂ ಬುಚ್ಚು ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬರಬೇಕು.

ಆದರೆ ಬೆಳ್ಳಗೆ ಕಂಡದ್ದೆಲ್ಲ ನೀರಲ್ಲ. ಗಾಜಿನ ಲೋಟದಲ್ಲಿ ಸ್ವಲ್ಪ ಆಯಿಲ್ ತೆಗೆದು ಸುಮ್ನೆ ಇಡು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ತಿಳಿಯಾಗುತ್ತ ಬಂದರೆ ಅದು ಗಾಳಿ. ಪಂಪಿಗೆ ಆಯಿಲ್ ಹೋಗುವ ಪೈಪಿನ ಕ್ಲಿಪ್ ಸಡಿಲಾಗಿರಬಹುದು, ಪಂಪ್ ಕೂಗುವುದಕ್ಕೂ ಅದೇ ಕಾರಣ ಆಗಬಹುದು. ಮಂಕು ಹಾಗೇ ಉಳಿದರೆ ನೀರು. ಖಾತ್ರಿ ಬೇಕಾದರೆ ಹಳೇ ತಗಡು ಚೆನ್ನಾಗಿ ಕಾಯಿಸಿ ಎರಡೇ ಹನಿ ಬಿಡು, ಒಗ್ಗರಣೆ ಹಾಗೆ ಚಟಪಟ ಅಂದರೆ ನೀರಿದೆ. ಕಣ್ಣಿಗೆ ಕನ್ನಡಕ ಇರಲಿ. ರೊಟ್ಟಿ ಹಂಚು ಮುಟ್ಟಬೇಡ, ಮನೆಯವರು ನನ್ನನ್ನು ಬೈತಾರೆ.

ನೀರು ಅಂತ ಖಾತ್ರಿಯಾದರೆ ಮಷಿನ್ ಓಡಿಸಬೇಡ. ಬಕೆಟ್ ನೆಲಕ್ಕೆ ಊರಿ, ಎಂಜಿನ್ ಬಂದ್ ಮಾಡಿ, ಮಷಿನ್ ಪುಸ್ತಕದಲ್ಲಿ ಹೇಳಿದಂತೆ ಪ್ರೆಷರ್ ಇಳಿಸಿದ ಮೇಲೆಯೇ ಟ್ಯಾಂಕ್ ಬಿಚ್ಚು. ಇಲ್ಲೇ ಎಲ್ಲರೂ ಎಡವುವುದು. ಟ್ಯಾಂಕ್ ಖಾಲಿ ಮಾಡಿದರೆ ಆಯಿಲ್ ಪೂರ್ತಿ ಬದಲಾದಂತಲ್ಲ. ಸಿಲಿಂಡರ್, ಪೈಪು, ಕೂಲರ್‌ಗಳಲ್ಲಿ ಹಳೆಯದು ಬೇಕಾದಷ್ಟು ಉಳಿದಿರುತ್ತದೆ. ಹೊಸದು ಹಾಕಿ, ಬೂಮ್, ಬಕೆಟ್ ನಿಧಾನ ಆಡಿಸಿ, ಮತ್ತೆ ಇಳಿಸಿ ಇನ್ನೊಮ್ಮೆ ತುಂಬಬೇಕಾಗುತ್ತದೆ. ಖರ್ಚು ಜಾಸ್ತಿ, ಗೊತ್ತು. ಪಂಪಿನ ಬೆಲೆ ಕೇಳಿ ಬಾ, ಆಮೇಲೆ ಮಾತಾಡೋಣ. ಫಿಲ್ಟರ್, ಟ್ಯಾಂಕಿಗೆ ಗಾಳಿ ಹೋಗಿ ಬರುವ ಬ್ರೀದರ್ ಎರಡನ್ನೂ ಬದಲಿಸು. ಕ್ವಾರಿ ಧೂಳಿಗೆ ಬ್ರೀದರ್ ಬೇಗ ಕಟ್ಟಿಕೊಳ್ಳುತ್ತದೆ.

ಗ್ರೇಡ್ ಬಗ್ಗೆ ಬರೆದಿಲ್ಲ, ನಾನೇ ಹೇಳುತ್ತೇನೆ. ಡಬ್ಬದ ಮೇಲಿನ 46, 68 ಅನ್ನುವುದು 40 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವ ಲೆಕ್ಕ. ನಮ್ಮ ಬಾಗಲಕೋಟೆ ಬಿಸಿಲಿಗೆ 68 ಒಳ್ಳೆಯದು ಅಂತ ಯಾರೋ ಹೇಳಿದರು ಅಂತ ಹಾಕಬೇಡ. ಮಷಿನ್ ಪುಸ್ತಕ ಏನು ಹೇಳುತ್ತದೋ ಅದೇ.

ಇನ್ನೊಂದು ಮಾತು. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಕಲಿಯುವಾಗ ನಾನು ಫನೆಲ್ಲನ್ನು ಕಾಟನ್ ವೇಸ್ಟಿನಿಂದ ಒರೆಸಿ ಆಯಿಲ್ ಸುರಿದೆ. ಅದರ ನೂಲು ಒಳಗೆ ಹೋಗಿ ಜಾಲರಿಗೆ ಕಟ್ಟಿಕೊಂಡಿತು. ಮರುದಿನ ಉಸ್ತಾದ್ ಆ ಕೊಳಕು ನೂಲಿನ ಮುದ್ದೆಯನ್ನು ನನ್ನ ಚಹಾ ಬಸಿಯಲ್ಲಿ ಇಟ್ಟರು. ಒಂದು ಮಾತೂ ಆಡಲಿಲ್ಲ.

ಪ್ರಶ್ನೆ: ಹೋಸ್‌ನಿಂದ ಆಯಿಲ್ ಮಂಜಿನ ಹಾಗೆ ಬರುತ್ತದೆ, ತೂತು ಕಾಣುವುದಿಲ್ಲ. ಎಂಜಿನ್ ಓಡುವಾಗ ಕೈಯಿಂದ ತಡವಿ ನೋಡಬಹುದಾ? — ಸಿಂದಗಿಯ ಆಪರೇಟರ್

ಉತ್ತರ: ಬೇಡಪ್ಪಾ, ಬೇಡ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಕೈಗವಸು ಇದ್ದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಉದ್ದನೆಯ ರಟ್ಟಿನ ತುಂಡು ದೂರದಿಂದ ಹಿಡಿದು ನೋಡು, ಒದ್ದೆ ಆದ ಕಡೆ ತೂತು. ಸಿಕ್ಕ ಮೇಲೆ ಪ್ರೆಷರ್ ಇಳಿಸಿ ಹೋಸ್ ಬದಲಿಸು, ಟೇಪ್ ಸುತ್ತಬೇಡ. ಅಕಸ್ಮಾತ್ ಬೆರಳಿಗೆ ತಾಗಿದರೆ ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ. ಸಂಜೆಯವರೆಗೆ ಕಾಯಬೇಡ. ಆಪರೇಷನ್ ಮಾಡುವ ಆಸ್ಪತ್ರೆಗೆ ಕೂಡಲೇ ಹೋಗಿ 'ಪ್ರೆಷರ್ ಆಯಿಲ್ ಒಳಗೆ ಹೋಗಿದೆ' ಅಂತ ಮೊದಲೇ ಹೇಳು. ಆಯಿಲ್ ಡಬ್ಬದ ಫೋಟೋನೂ ತೋರಿಸು.