ಕುದುರೆಗಳ ಸಂಶೋಧನೆಗೆಂದು ಇಂಗ್ಲೆಂಡಿಗೆ ಬರುತ್ತಿರುವ ಬೀದರಿನ ತಂಗಿಗೆ

ತಂಗಿ, ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿ, ಕುದುರೆಯ ಓಟದ ಸಾಮರ್ಥ್ಯದ ಮೇಲೆ ಪಿಎಚ್.ಡಿ. ಮಾಡಲು ಹೊರಟಿರುವ ನೀನು, ನಮ್ಮ ಪದವಿಗೆ ಇಲ್ಲಿ ಬೆಲೆಯಿದೆಯೇ, ದನ ಎಮ್ಮೆಗಳ ನಡುವೆ ಕಲಿತವಳಿಗೆ ಈ ಕ್ಷೇತ್ರದಲ್ಲಿ ನೆಲೆ ಸಿಕ್ಕೀತೇ ಎಂದು ಕೇಳಿದ್ದೀಯೆ.

ಬೆಲೆ ಖಂಡಿತ ಇದೆ. ಚಿಕಿತ್ಸೆ ಕೊಡಬೇಕಾದರೆ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ನಡೆಸುವ ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಅಶ್ವ ವಿಜ್ಞಾನದ ಸಂಶೋಧನೆಗೂ ಬೋಧನೆಗೂ ಅದು ಕಡ್ಡಾಯವಲ್ಲ. ಆದರೆ ಪ್ರಯೋಗಕ್ಕಾಗಿ ಕುದುರೆಯ ರಕ್ತ ತೆಗೆಯುವವರಿಗೆ ಪ್ರಾಣಿ ಪ್ರಯೋಗಗಳ ಕುರಿತ ಇಲ್ಲಿನ 1986ರ ಕಾಯ್ದೆಯಂತೆ ವೈಯಕ್ತಿಕ ಪರವಾನಗಿ ಬೇಕಾಗುತ್ತದೆ. ಪಿಎಚ್.ಡಿ. ನಂತರದ ಹುದ್ದೆಗಳು ಬಹುಮಟ್ಟಿಗೆ ಕೆಲವೇ ವರ್ಷಗಳ ಒಪ್ಪಂದದವು, ಕಾಯಂ ಕೆಲಸಕ್ಕೆ ಕಾಯಬೇಕಾಗುತ್ತದೆ ಎಂಬುದನ್ನು ಮನೆಯವರಿಗೆ ಈಗಲೇ ತಿಳಿಸಿಬಿಡು.

ನಿನಗೆ ನಿಜವಾಗಿ ಕೊರತೆಯಾಗುವುದು ಕುದುರೆಯ ಒಡನಾಟ. ಹದಿನೈದನೆಯ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಕುದುರೆಯನ್ನು ಮಾರಿದ್ದು ನಮ್ಮ ಬೀದರಿನಲ್ಲೇ ಆದರೂ, ಇಂದು ಅಲ್ಲಿನ ವಿದ್ಯಾರ್ಥಿಯ ಕೈಗೆ ಸಿಗುವುದು ಹೆಚ್ಚಾಗಿ ದೇವಣಿ ದನ, ಎಮ್ಮೆ, ಆಡುಗಳು. ಈ ಕೊರತೆಯನ್ನು ಲಾಯದ ಆಳಿನ ಕೆಲಸಕ್ಕೆ ಸಂಬಂಧಿಸಿದ್ದೆಂದು ಬದಿಗಿಡಬೇಡ, ಏಕೆಂದರೆ ಅದು ನೇರವಾಗಿ ನಿನ್ನ ಅಂಕಿಅಂಶಗಳನ್ನೇ ಕೆಡಿಸುತ್ತದೆ. ಕುದುರೆ ತನ್ನ ಕೆಂಪು ರಕ್ತಕಣಗಳ ದೊಡ್ಡ ಪಾಲನ್ನು ಗುಲ್ಮದಲ್ಲಿ (ಸ್ಪ್ಲೀನ್) ಕೂಡಿಟ್ಟುಕೊಂಡಿರುತ್ತದೆ; ಓಡುವಾಗ ಗುಲ್ಮ ಸಂಕುಚಿಸಿ, ವಿಶ್ರಾಂತಿಯಲ್ಲಿ ರಕ್ತದ ಶೇ. 40ರ ಆಸುಪಾಸಿನಲ್ಲಿದ್ದ ಕಣಗಳ ಪ್ರಮಾಣ ಶೇ. 60ನ್ನೂ ದಾಟಬಲ್ಲದು. ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತಿದ್ದ ಹೃದಯ ನಾಗಾಲೋಟದಲ್ಲಿ 200ನ್ನು ಮೀರುತ್ತದೆ. ಇವೆರಡೂ ಬರಿಯ ಹೆದರಿಕೆಯಿಂದಲೂ ಏರುತ್ತವೆ. ಅಂದರೆ, ನೀನು ತಡವರಿಸುತ್ತ ಸೂಜಿ ಹಿಡಿದು ಬಂದುದನ್ನು ಕಂಡು ಬೆದರಿದ ಕುದುರೆಯ ರಕ್ತವನ್ನು ವಿಶ್ರಾಂತಿಯ ಮಾದರಿಯೆಂದು ಬರೆದುಕೊಂಡರೆ, ಮುಂದೆ ಟ್ರೆಡ್‌ಮಿಲ್ ಮೇಲೆ ಎಷ್ಟೇ ಜಾಗರೂಕತೆಯಿಂದ ಅಳೆದರೂ ಹೋಲಿಸಲು ಆಧಾರವೇ ಇರುವುದಿಲ್ಲ.

ಬೋಧನೆಯಲ್ಲೂ ಇದೇ ಮಾತು. ಇಲ್ಲಿ ಈ ವಿಷಯ ಓದಲು ಬರುವ ಹುಡುಗಿಯರಲ್ಲಿ ಅನೇಕರು ಚಿಕ್ಕಂದಿನಿಂದ ಸವಾರಿ ಮಾಡಿದವರು. ನೀನು ಕುದುರೆಯ ಬಳಿ ನಿಲ್ಲುವ ರೀತಿಯಲ್ಲೇ ನಿನ್ನನ್ನು ಅಳೆಯುತ್ತಾರೆ. ಆದರೆ ಶರೀರಕ್ರಿಯಾ ವಿಜ್ಞಾನದಲ್ಲಿ ನಿನ್ನ ತಳಹದಿ ಗಟ್ಟಿಯಾಗಿರುವುದರಿಂದ, ಕುದುರೆ ಬಾಯಿಂದ ಉಸಿರಾಡಲಾರದೇಕೆ, ನಾಗಾಲೋಟದಲ್ಲಿ ಒಂದೊಂದು ದಾಪುಗಾಲಿಗೂ ಒಂದೊಂದು ಉಸಿರು ಹೊಂದಿಕೊಳ್ಳುವುದೇಕೆ ಎಂಬುದನ್ನು ನೀನು ವಿವರಿಸಿದಾಗ ಅವರು ಕಿವಿಗೊಟ್ಟು ಕೇಳುತ್ತಾರೆ.

ಹೊರಡುವ ಮುನ್ನ ಸಮಯವಿದ್ದರೆ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ತರಬೇತಿಗೆ ಅವಕಾಶವಿದೆಯೇ ಎಂದು ವಿಚಾರಿಸು. ಅದು ಸಾಧ್ಯವಾಗದಿದ್ದರೆ ನಿನ್ನ ಮಾರ್ಗದರ್ಶಕರಿಗೆ ಈಗಲೇ ಬರೆದು, ಬಂದ ಮೊದಲ ತಿಂಗಳುಗಳಲ್ಲಿ ಬೆಳಗಿನ ಲಾಯದ ಕೆಲಸದಲ್ಲಿ, ಲದ್ದಿ ಬಾಚುವುದೂ ಸೇರಿದಂತೆ, ನಿನ್ನನ್ನೂ ಸೇರಿಸಿಕೊಳ್ಳುವಂತೆ ಕೇಳಿಕೋ.